ನಮ್ಮೂರ ಹೆಸರಿಗೆ ಏಳು ಬೈಟ್ ಕಡಿಮೆ ಬಿತ್ತು

“ತಮ್ಮಾ, ನಮ್ಮೂರಿನ ಬಾಲ ಯಾರ ಕಡದ್ರೋ?”

ಬೇಲಿಯ ಆಚೆಯಿಂದ ಕಾಕಾ ಕೇಳಿದರು. ನಮ್ಮ ಹಿತ್ತಲಕ್ಕೂ ಅವರ ಹಿತ್ತಲಕ್ಕೂ ನಡುವೆ ಇರುವುದು ಎದೆಮಟ್ಟದ ಜಾಲಿಮುಳ್ಳಿನ ಬೇಲಿ. ಅದರ ಮೇಲೆ ಅವರ ಮನೆಯ ಹೀರೇಬಳ್ಳಿ ಹಬ್ಬಿದೆ, ಕಾಯಿ ನಮ್ಮ ಕಡೆಗೂ ಇಳಿಬೀಳುತ್ತವೆ. ಸಂಜೆ ಹೊಲದಿಂದ ಬಂದು ಕೈಕಾಲು ತೊಳೆದು ಕಾಕಾ ಅಲ್ಲಿ ನಿಂತರೆಂದರೆ ಒಂದು ತಾಸು ಮಾತಿಗೆ ಮೋಸವಿಲ್ಲ. ಅವತ್ತು ಅವರ ಕೈಯಲ್ಲಿ ಪ್ರೆಸ್ಸಿನಿಂದ ಬಂದಿದ್ದ ಆಲ್ಬಮ್ಮಿನ ಕರಡು ಪುಟ ಇತ್ತು. ಹಿರೇಬೆಂಡಿಗೇರಿಯ ಹಳೇ ಫೋಟೋಗಳನ್ನು ಮನೆಮನೆಯಿಂದ ಕೂಡಿಸಿ ಒಂದು ಆಲ್ಬಂ ಮಾಡಬೇಕೆಂದು ನಾನು ಎರಡು ವರ್ಷದಿಂದ ಹಿಂದೆ ಬಿದ್ದಿದ್ದೇನೆ. ಮೊದಲ ಫೋಟೋದ ಕೆಳಗೆ ಊರಿನ ಹೆಸರು ‘ಹಿರೇಬೆಂಡಿಗ’ ಅಂತ ಬಂದಿತ್ತು. ‘ಗೇರಿ’ಯಲ್ಲಿ ಬರೀ ‘ಗ’ ಉಳಿದು, ಅದರ ಬಾಜೂ ಕರೇ ಹರಳಿನಂಥ ಚೌಕದೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಕೂತಿತ್ತು.

ಪ್ರೆಸ್ಸಿನವರು ಟೈಪು ಮಾಡುವಾಗ ತಪ್ಪಿದರೆಂದು ಮೊದಲು ಅಂದುಕೊಂಡೆ. ಫೋನು ಮಾಡಿದರೆ, ಅವರು ಟೈಪು ಮಾಡಿಯೇ ಇರಲಿಲ್ಲ. ಫೋಟೋದೊಳಗೆ ನಾನೇ ಬರೆದಿಟ್ಟಿದ್ದ ಊರ ಹೆಸರನ್ನು ಅವರ ಸಾಫ್ಟ್‌ವೇರ್ ತಾನಾಗಿ ಎತ್ತಿಕೊಂಡು ಅಚ್ಚು ಹಾಕಿತ್ತು. ನನ್ನ ಕಂಪ್ಯೂಟರಿನಲ್ಲಿ ನೋಡಿದರೆ ಹೆಸರು ಪೂರ್ತಿ ಇದೆ. ಅಲ್ಲಿ ಹೋಗಿ ತುಂಡಾಗಿದೆ. ರಾತ್ರಿ ಕೂತು ಎಣಿಸಿದಾಗ ಕಾರಣ ಸಿಕ್ಕಿತು. ಮರುದಿನ ಬೇಲಿಯ ಹತ್ತಿರ ಅದನ್ನೇ ಹೇಳಿದೆ.

ಫೋಟೋದ ಫೈಲೆಂದರೆ ಬರೀ ಚಿತ್ರವಲ್ಲ. ಅದರೊಳಗೆ ಬರಹಕ್ಕೆಂದು ಮೂರು ಪೆಟ್ಟಿಗೆಗಳಿವೆ. ಒಂದು ಎಕ್ಸಿಫ್. ಜಪಾನಿನ ಎಲೆಕ್ಟ್ರಾನಿಕ್ ಉದ್ಯಮದವರು 1995ರಲ್ಲಿ ಮಾಡಿದ್ದು. ಕ್ಯಾಮೆರಾ ತಾನೇ ತುಂಬುವ ಪೆಟ್ಟಿಗೆ ಇದು: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಲೆನ್ಸು, ಫೋನಾದರೆ ಯಾವ ಅಕ್ಷಾಂಶ ರೇಖಾಂಶ. ಎರಡನೆಯದು ಐಪಿಟಿಸಿ. ಸುದ್ದಿಸಂಸ್ಥೆಗಳೂ ಪತ್ರಿಕೆಗಳೂ 1965ರಲ್ಲಿ ಕಟ್ಟಿಕೊಂಡ ಅಂತರರಾಷ್ಟ್ರೀಯ ಮಂಡಳಿಯ ಹೆಸರು ಅದು. ಫೋಟೋ ಎಲ್ಲಿಯದು, ಒಳಗೆ ಯಾರಿದ್ದಾರೆ, ತೆಗೆದವರು ಯಾರು ಅನ್ನುವುದು ಚಿತ್ರದ ಜೊತೆಗೇ ಪತ್ರಿಕೆಯ ಮೇಜಿಗೆ ಬರಲಿ ಅಂತ 1990ರ ದಶಕದ ಆರಂಭದಲ್ಲಿ ಈ ಪೆಟ್ಟಿಗೆಯ ಅಳತೆ ಗೊತ್ತುಮಾಡಿದರು. ಮೂರನೆಯದು ಎಕ್ಸ್‌ಎಂಪಿ. 2001ರಲ್ಲಿ ಅಡೋಬಿ ಕಂಪನಿ ತಂದಿತು, 2012ರಲ್ಲಿ ಐಎಸ್‌ಒ ಮಾನದಂಡವೂ ಆಯಿತು. ಊರ ಹೆಸರನ್ನು ನಾನು ಒಮ್ಮೆ ಬರೆದರೆ ಸಾಫ್ಟ್‌ವೇರ್ ಅದನ್ನು ಐಪಿಟಿಸಿಗೂ ಹಾಕುತ್ತದೆ, ಎಕ್ಸ್‌ಎಂಪಿಗೂ ಹಾಕುತ್ತದೆ. ನನ್ನ ಕಂಪ್ಯೂಟರು ಓದಿದ್ದು ಎಕ್ಸ್‌ಎಂಪಿಯನ್ನು, ಪ್ರೆಸ್ಸಿನದು ಐಪಿಟಿಸಿಯನ್ನು.

ಹಳೇ ಐಪಿಟಿಸಿ ಪೆಟ್ಟಿಗೆಯಲ್ಲಿ ಊರಿನ ಹೆಸರಿಗೆ ಇಟ್ಟಿರುವ ಜಾಗ 32 ಬೈಟು. ಇಂಗ್ಲಿಷಿನಲ್ಲಿ ನಮ್ಮೂರ ಹೆಸರು ಬರೆದರೆ 13 ಅಕ್ಷರ, 13 ಬೈಟು. ಸಲೀಸಾಗಿ ಹಿಡಿಯುತ್ತದೆ. ಕನ್ನಡವನ್ನು ಕಂಪ್ಯೂಟರು ನಮ್ಮ ಹಾಗೆ ಹಿ-ರೇ-ಬೆಂ-ಡಿ-ಗೇ-ರಿ ಅಂತ ಆರು ಅಕ್ಷರವಾಗಿ ಎಣಿಸುವುದಿಲ್ಲ. ಹ ಒಂದು, ಅದರ ಗುಡಿಸು ಒಂದು, ರ ಒಂದು, ಅದರ ಏತ್ವ ಒಂದು, ಬೆಂ ಅಕ್ಷರದ ಸೊನ್ನೆಯೂ ಬೇರೆ ಒಂದು. ಹೀಗೆ ಬಿಡಿಸಿದರೆ ನಮ್ಮೂರಿಗೂ 13 ತುಣುಕೇ ಬರುತ್ತವೆ. ಆದರೆ ಯುನಿಕೋಡಿನ ಯುಟಿಎಫ್-8 ಬರವಣಿಗೆಯಲ್ಲಿ ಕನ್ನಡದ ಒಂದೊಂದು ತುಣುಕಿಗೂ ಮೂರು ಬೈಟು. ಒಟ್ಟು 39. ಹತ್ತು ತುಣುಕಿಗೆ 30 ಬೈಟು ಮುಗಿಯಿತು. ಉಳಿದ ಎರಡು ಬೈಟಿನಲ್ಲಿ ಹನ್ನೊಂದನೆಯ ತುಣುಕು ಅರ್ಧವೇ ಕೂತಿತು. ಆ ಅರ್ಧ ತುಣುಕೇ ಕರೇ ಹರಳು.

ಆಮೇಲೆ ಸುತ್ತಲಿನ ಊರುಗಳನ್ನೂ ಎಣಿಸಿದೆ. ಸವಣೂರು 18 ಬೈಟು, ಹಾನಗಲ್ಲ 21, ಬಂಕಾಪುರ 21, ಶಿಗ್ಗಾಂವಿ 27. ಹಿರೇಕೆರೂರು 30, ಕೂದಲೆಳೆಯಲ್ಲಿ ಪಾರು. ಶಿಶುನಾಳವನ್ನು ನಮ್ಮ ಮಂದಿ ಕರೆಯುವ ಹಾಗೆ ಶಿಶುವಿನಹಾಳ ಅಂತ ಬರೆದರೂ 30. ನಮ್ಮೂರೊಂದೇ ಹೊರಗೆ ಬಿತ್ತು.

ಕಾಕಾ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಚ್ಚೇರಿನ್ಯಾಗ ಸೇರು ಜ್ವಾಳ ಹಾಕಿದ್ರ ಚೆಲ್ಲದ ಏನ ಮಾಡತೈತಿ? ಅಳತಿ ಮಾಡಿದವರು ಬ್ಯಾರೇ ಊರವರು. ನಮ್ಮ ಹೆಸರು ಎಷ್ಟ ಉದ್ದ ಐತಿ ಅಂತ ಯಾರೂ ಕೇಳಿಲ್ಲ.”

ನನಗೂ ಹಾಗೇ ಅನ್ನಿಸಿತು. ಅಳತೆ ಮಾಡಿದ ಕಾಲದಲ್ಲಿ ಒಂದಕ್ಷರಕ್ಕೆ ಒಂದು ಬೈಟು ಅನ್ನುವುದೇ ಲೆಕ್ಕವಾಗಿತ್ತು. ಎಕ್ಸಿಫ್ ಪೆಟ್ಟಿಗೆಯಲ್ಲೂ ಬರಹದ ಹೆಚ್ಚಿನ ಖಾನೆಗಳು ರೋಮನ್ ಲಿಪಿಗೆಂದೇ ಇದ್ದವು. ಅದರ ವಿವರಣೆಯ ಸಾಲಿನಲ್ಲಿ ಕನ್ನಡ ಬರೆಯಲು ನೇಮಪ್ರಕಾರ ಜಾಗ ಸಿಕ್ಕಿದ್ದು 2023ರಲ್ಲಿ, 3.0 ಆವೃತ್ತಿ ಬಂದ ಮೇಲೆ. ಎಕ್ಸ್‌ಎಂಪಿ ಒಂದೇ ಮೊದಲಿನಿಂದ ಯುನಿಕೋಡಿನದು, ಊರ ಹೆಸರು ಎಷ್ಟುದ್ದವಾದರೂ ತಕರಾರಿಲ್ಲ. ಆದ್ದರಿಂದ ಕನ್ನಡದಲ್ಲಿ ಫೋಟೋಗಳ ವಿವರ ಬರೆಯುವವರು ಎಕ್ಸ್‌ಎಂಪಿಯನ್ನೇ ನಂಬಬೇಕು, ಪ್ರೆಸ್ಸಿಗೆ ಕೊಡುವಾಗಲೂ “ಎಕ್ಸ್‌ಎಂಪಿಯಿಂದ ಓದಿ” ಅಂತ ಚೀಟಿ ಬರೆದು ಕೊಡಬೇಕು. ಐಪಿಟಿಸಿ ಪೆಟ್ಟಿಗೆಯಲ್ಲಿ ಕೀವರ್ಡಿಗೆ 64 ಬೈಟು, ಅಂದರೆ ಕನ್ನಡದ 21 ತುಣುಕು. ‘ಕಾರಹುಣ್ಣಿಮೆ ಹೋರಿ ಮೆರವಣಿಗೆ’ ಅಂತ ಒಂದೇ ಕೀವರ್ಡು ಹಾಕಿದರೆ ಅದಕ್ಕೂ ಕತ್ತರಿ ಬೀಳುತ್ತದೆ. ಅಡಿಬರಹಕ್ಕೆ ಮಾತ್ರ 2000 ಬೈಟಿನ ದೊಡ್ಡ ಜಾಗ ಇದೆ, ಊರಿನ ಹೆಸರನ್ನು ಅಲ್ಲಿಯೂ ಒಮ್ಮೆ ಬರೆದಿಡುವುದು ಒಳ್ಳೆಯದು.

ಇನ್ನೊಂದು ತರದ ಗೋಜಲೂ ಇದೆ. ಕೆಲವೊಮ್ಮೆ ಹೆಸರು ತುಂಡಾಗುವುದಿಲ್ಲ, ಪೂರ್ತಿ ಕೆಡುತ್ತದೆ. ಇಂಗ್ಲಿಷಿನ ಸಣ್ಣ ಎ, ಅದರ ತಲೆಯ ಮೇಲೊಂದು ಓರೆಗೆರೆ, ಹೆಗಲಿಗೆ ಪುಟ್ಟ 2, ಮತ್ತೆ ಎ, ಮತ್ತೆ 2. ಇದು ಕಂಡರೆ ಗಾಬರಿ ಬೇಡ. ಕನ್ನಡ ಒಳಗೆ ಸುರಕ್ಷಿತ ಇದೆ, ಓದುವ ಸಾಫ್ಟ್‌ವೇರ್ ಅದನ್ನು ಯುಟಿಎಫ್-8 ಅಂತ ಗುರುತಿಸಿಲ್ಲ, ಅಷ್ಟೇ. ಯುನಿಕೋಡ್ ಅಲ್ಲದ ಹಳೇ ನುಡಿ, ಬರಹ ಫಾಂಟುಗಳಲ್ಲಿ ಬರೆದಿಟ್ಟ ವಿವರಗಳ ಗತಿ ಬೇರೆ. ಆ ಫಾಂಟಿಲ್ಲದ ಕಡೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳೇ. ನನ್ನ ಹಳೇ ಫೋಲ್ಡರುಗಳ ತುಂಬ ಅಂಥವಿದ್ದವು. ಪರಿವರ್ತಕದಲ್ಲಿ ಹಾಕಿ, ಒಂದೊಂದನ್ನೂ ಕಣ್ಣಿನಿಂದ ಓದಿ ಸರಿಮಾಡಿದೆ.

ಈ ಹೆಸರಿನ ವಿಷಯ ನನಗೆ ಇಷ್ಟು ಯಾಕೆ ನಾಟುತ್ತದೆ ಅನ್ನುವುದನ್ನು ಹೇಳಬೇಕಾದರೆ ಎರಡು ವರ್ಷ ಹಿಂದೆ ಹೋಗಬೇಕು.

ಮದುವೆ, ಜಾತ್ರೆ, ನಾಟಕದ ಫೋಟೋ ತೆಗೆಯುವುದು ನನ್ನ ಕಸುಬು. ತೆಗೆದ ಫೋಟೋಗಳನ್ನು ಸಂಭಾಳಿಸಲು ಕಂಪ್ಯೂಟರಿನಲ್ಲಿ ಒಂದು ಸಾಫ್ಟ್‌ವೇರ್ ಇಟ್ಟುಕೊಂಡಿದ್ದೆ. ಊರಿನ ಹಳೇ ಫೋಟೋಗಳ ಕೆಲಸ ಶುರುವಾದಾಗ ಅದರೊಳಗೇ ಅವನ್ನೂ ಸೇರಿಸಿದೆ. ಮನೆಮನೆಯ ಟ್ರಂಕು, ಗೋಡೆಯ ಚೌಕಟ್ಟು, ಮದುವೆಯ ಆಲ್ಬಂ ಎಲ್ಲ ಹುಡುಕಿ ಸುಮಾರು 400 ಫೋಟೋ ಸ್ಕ್ಯಾನ್ ಮಾಡಿದೆ. 4 ಇಂಚು ಅಗಲ 6 ಇಂಚು ಉದ್ದದ ಒಂದು ಫೋಟೋವನ್ನು 1200 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಟಿಫ್ ಆಗಿ ಇಟ್ಟರೆ ಒಂದೊಂದು ಫೈಲೂ 100 ಎಂಬಿ ದಾಟುತ್ತದೆ. 400 ಫೋಟೋ ಅಂದರೆ 40 ಜಿಬಿಗೂ ಹೆಚ್ಚು.

ಹೆಸರು ಹೇಳಿದವರು ಕಾಕಾ, ಮತ್ತು ಕಾಕಾನ ಅಕ್ಕ. ಅವರನ್ನು ನಾವೆಲ್ಲ ಅತ್ತಿ ಅಂತಲೇ ಕರೆಯುತ್ತಿದ್ದೆವು. ದಿನಾ ಸಂಜೆ ನಾನು ಲ್ಯಾಪ್‌ಟಾಪು ಹಿಡಿದು ಬೇಲಿಯ ಈಚೆ ನಿಲ್ಲುವುದು, ಅವರಿಬ್ಬರೂ ಆಚೆ. ಕಾಕಾ ಗಂಡಸರನ್ನು ಗುರುತಿಸುತ್ತಿದ್ದರು: ಯಾರ ಮಗ, ಯಾವ ಓಣಿ, ಯಾವ ಜೋಡಿ ಎತ್ತು ಕಟ್ಟಿದ್ದ. ಹೆಣ್ಣುಮಕ್ಕಳ ಹೆಸರು ಅವರಿಗೆ ಬರುತ್ತಿರಲಿಲ್ಲ. “ಅವನ ಹೇಣ್ತಿ”, “ಇವನ ತಂಗಿ” ಅನ್ನುವಲ್ಲಿಗೆ ನಿಲ್ಲುತ್ತಿತ್ತು. ಅತ್ತಿಗೆ ಎಲ್ಲಾ ಹೆಸರೂ ಗೊತ್ತು. ಯಾರು ಯಾವ ಊರಿಂದ ಬಂದವಳು, ತವರಿನ ಹೆಸರೇನು, ಇಲ್ಲಿ ಬಂದ ಮೇಲೆ ಇಟ್ಟ ಹೆಸರೇನು, ಯಾವ ಪಂಚಮಿಯಲ್ಲಿ ಯಾರ ಜೋಕಾಲಿಯ ಹಗ್ಗ ಹರಿದಿತ್ತು, ಎಲ್ಲ.

ಒಂದೊಂದು ಹೆಸರು ಬರೆದಾಗಲೂ ಕಂಪ್ಯೂಟರು ಹೊಯ್ದಾಡುತ್ತಿತ್ತು. ‘ಬದಲಾವಣೆಗಳನ್ನು ಆಗಿಂದಾಗ್ಗೆ ಫೈಲಿಗೆ ಬರೆ’ ಅನ್ನುವ ಆಯ್ಕೆ ಹಾಕಿಟ್ಟಿದ್ದೆ. ನಾನು ಟೈಪು ಮಾಡುವುದು ಎರಡಕ್ಷರ, ಅದು 100 ಎಂಬಿಯ ಫೈಲನ್ನು ಮತ್ತೆ ಮೊದಲಿನಿಂದ ಬರೆಯುವುದು. ಅತ್ತಿ ಮುಂದಿನ ಹೆಸರು ಹೇಳಿ ಮುಗಿಸಿರುತ್ತಿದ್ದರು, ನನ್ನ ಪರದೆಯ ಮೇಲೆ ಹಿಂದಿನದೇ ಸುತ್ತುತ್ತಿರುತ್ತಿತ್ತು. “ನಿನ್ನ ಮಷೀನು ನನ್ನಕ್ಕಿಂತ ಮುದುಕಿ ಆಗೈತೆಪಾ” ಅಂದರು ಒಮ್ಮೆ. ಹೇಳುವವರನ್ನು ಕಾಯಿಸಬಾರದು ಅಂತ ಆ ಆಯ್ಕೆಯನ್ನು ತೆಗೆದೆ. ಕೆಲಸ ಸರಸರ ಸಾಗಿತು. ಹೆಸರುಗಳೆಲ್ಲ ಸಾಫ್ಟ್‌ವೇರಿನ ಕ್ಯಾಟಲಾಗಿನಲ್ಲಿ ಮಾತ್ರ ಕೂಡುತ್ತ ಹೋದವು, ಫೋಟೋಗಳಿಗೆ ಹೋಗಲಿಲ್ಲ. ಹೀಗೆ ಒಂದು ಚಳಿಗಾಲ ಕಳೆಯಿತು.

ಒಂದು ರಾತ್ರಿ ಕರೆಂಟು ಹೋಗಿ ಬಂತು. ಬೆಳಿಗ್ಗೆ ಕ್ಯಾಟಲಾಗಿದ್ದ ಹಾರ್ಡ್ ಡಿಸ್ಕು ಏಳಲಿಲ್ಲ. ಸ್ಕ್ಯಾನ್ ಮಾಡಿದಾಗಿನ ಪ್ರತಿ ಬೇರೆ ಡಿಸ್ಕಿನಲ್ಲಿತ್ತು. ಕ್ಯಾಟಲಾಗೂ ಅದರ ಪ್ರತಿಯೂ ಸತ್ತ ಡಿಸ್ಕಿನಲ್ಲೇ ಇದ್ದವು. 400 ಫೋಟೋ ಉಳಿದವು, ಒಂದರಲ್ಲೂ ಒಂದು ಹೆಸರಿಲ್ಲ.

ಮತ್ತೆ ಕೂತು ಬರೆಯಬಹುದಿತ್ತು. ಆದರೆ ಅಷ್ಟರೊಳಗೆ ಅತ್ತಿ ತೀರಿಕೊಂಡಿದ್ದರು.

ಕಾಕಾಗೆ ಇದನ್ನು ಹೇಳಲು ನನಗೆ ಹದಿನೈದು ದಿನ ಹಿಡಿಯಿತು. ಅವರು ಬೈಯಲಿಲ್ಲ. “ಹ್ಯಾಂಗ ಹೋತು, ತಿಳಿಯುವಂಗ ಹೇಳು” ಅಂದರು. ಆಗ ನಾನು ಬ್ಯಾಡಗಿ ಪೇಟೆಯ ಮಾತು ತೆಗೆದೆ. ಕಾಕಾ ಮೆಣಸಿನಕಾಯಿ ಹಾಕುವವರು. ಪೇಟೆಗೆ ಚೀಲ ಇಳಿಸಿದರೆ ದಲಾಲರ ಅಂಗಡಿಯವರು ಎರಡು ಕಡೆ ಬರೆಯುತ್ತಾರೆ: ಚೀಲಕ್ಕೊಂದು ಚೀಟಿ, ಅಂಗಡಿಯಲ್ಲಿ ಒಂದು ಕಿರ್ದಿ. ಕಿರ್ದಿ ನೋಡಿದರೆ ಸಾವಿರ ಚೀಲದಲ್ಲಿ ಯಾರದು ಎಲ್ಲಿ ಅನ್ನುವುದು ಕ್ಷಣದಲ್ಲಿ ಸಿಗುತ್ತದೆ. ಆದರೆ ಚೀಲ ಬೇರೆ ಊರಿಗೆ ಹೋದಾಗ ಕಿರ್ದಿ ಜೊತೆಗೆ ಹೋಗುವುದಿಲ್ಲ, ಚೀಟಿಯೇ ಹೋಗುವುದು. ಫೋಟೋ ಸಾಫ್ಟ್‌ವೇರಿನ ಕ್ಯಾಟಲಾಗೆಂದರೆ ಕಿರ್ದಿ. ಫೋಟೋದ ಎಕ್ಸ್‌ಎಂಪಿ ಅಂದರೆ ಚೀಲದ ಚೀಟಿ.

“ಅಂದ್ರ ನೀ ಚೀಟಿ ಬರೀಲಿಲ್ಲ.”

“ಇಲ್ಲ ಕಾಕಾ, ಬರೀಲಿಲ್ಲ.”

“ಕಿರ್ದಿ ಸುಟ್ಟು ಹೋತು.”

“ಹೌದು.”

ಅವರು ಬಹಳ ಹೊತ್ತು ಹೀರೇಬಳ್ಳಿಯನ್ನೇ ನೋಡುತ್ತ ನಿಂತರು. “ಪ್ಯಾಟ್ಯಾಗ ದಲಾಲರು ಹಗಲೆಲ್ಲ ಕಿರ್ದಿ ಬರೀತಾರ, ಚೀಟಿ ಬರಿಯೂದು ಸಂಜೀಕ. ಸಂಜಿ ಮಾತ್ರ ತಪ್ಪಸೂದಿಲ್ಲ” ಅಂದರು.

ಎಂಜಿನಿಯರುಗಳು ಕಂಡುಕೊಂಡಿರುವ ದಾರಿಯೂ ಅದೇ. ಲೈಟ್‌ರೂಮ್ ಅನ್ನುವ ಫೋಟೋ ಸಾಫ್ಟ್‌ವೇರ್ 2007ರಲ್ಲಿ ಬಂದಾಗಿನಿಂದ ಕ್ಯಾಟಲಾಗೆಂಬ ಒಂದೇ ಡೇಟಾಬೇಸಿನ ಮೇಲೆ ನಡೆಯುತ್ತದೆ. ಆಗಿಂದಾಗ್ಗೆ ಫೈಲಿಗೆ ಬರೆಯುವ ಆಯ್ಕೆ ಅದರಲ್ಲಿ ಮೊದಲಿಗೆ ಬಂದ್ ಇರುತ್ತದೆ. ಬೇಕಾದಾಗ ಫೋಟೋಗಳನ್ನೆಲ್ಲ ಆರಿಸಿ ಕಂಟ್ರೋಲ್ ಮತ್ತು ಎಸ್ ಒತ್ತಿದರೆ ಚೀಟಿಗಳೆಲ್ಲ ಒಟ್ಟಿಗೆ ಬರೆಯಲ್ಪಡುತ್ತವೆ. ಡಿಜಿಕ್ಯಾಮ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ‘ಸೋಮಾರಿ ಹೊಂದಾಣಿಕೆ’ ಅಂತಲೇ ಒಂದು ಆಯ್ಕೆ ಇದೆ. ಬದಲಾವಣೆಗಳನ್ನು ಬಾಕಿ ಇಟ್ಟುಕೊಂಡು ನೀವು ಹೇಳಿದಾಗ, ಇಲ್ಲವೇ ಮುಚ್ಚುವಾಗ, ಬರೆಯುತ್ತದೆ. ಡಾರ್ಕ್‌ಟೇಬಲ್ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರ್ ಫೋಟೋವನ್ನು ಮುಟ್ಟುವುದೇ ಇಲ್ಲ. ಪ್ರತಿ ಫೋಟೋದ ಬಾಜೂ ಅದೇ ಹೆಸರಿನ ಒಂದು ಪುಟ್ಟ ಎಕ್ಸ್‌ಎಂಪಿ ಫೈಲು ಇಡುತ್ತದೆ.

ಆ ಬಾಜೂ ಫೈಲಿನ ಪದ್ಧತಿ ನನಗೆ ಬಹಳ ಹಿಡಿಸಿತು. ಕ್ಯಾಮೆರಾದ ರಾ ಫೈಲುಗಳಿಗೆ ಎಲ್ಲ ಸಾಫ್ಟ್‌ವೇರುಗಳೂ ಹೆಚ್ಚುಕಡಿಮೆ ಹೀಗೇ ಮಾಡುತ್ತವೆ. ಜೆಪೆಗ್ ಮತ್ತು ಟಿಫ್ ಆದರೆ ಹೆಚ್ಚಿನವು ವಿವರವನ್ನು ಒಳಗೇ ತುಂಬುತ್ತವೆ. ಒಳಗೆ ಬರೆಯುವಾಗ ಎಕ್ಸ್‌ಎಂಪಿ ಪೆಟ್ಟಿಗೆಯ ಕೊನೆಗೆ ಎರಡರಿಂದ ನಾಲ್ಕು ಕೆಬಿ ಖಾಲಿ ಜಾಗ ಬಿಡುವ ರೂಢಿ ಇದೆ, ಆಮೇಲೆ ನಾಲ್ಕು ಹೆಸರು ಸೇರಿಸಿದರೂ ಇಡೀ ಫೈಲನ್ನು ಅಲ್ಲಾಡಿಸದೆ ಆಗಲಿ ಅಂತ. ಅದು ತುಂಬಿದ ಮೇಲೆ ಪೂರ್ತಿ ಫೈಲನ್ನು ಮತ್ತೆ ಬರೆಯಲೇಬೇಕು. ಸುರಕ್ಷತೆಗಾಗಿ ಮೊದಲು ಬೇರೆ ಹೆಸರಿನಲ್ಲಿ ಹೊಸ ಪ್ರತಿ ಬರೆದು, ಮುಗಿದ ಮೇಲೆ ಹಳೆಯದರ ಜಾಗದಲ್ಲಿ ಇಡುವ ಸಾಫ್ಟ್‌ವೇರುಗಳಿವೆ. 2003ರಿಂದ ಫಿಲ್ ಹಾರ್ವೆ ನಡೆಸಿಕೊಂಡು ಬಂದಿರುವ ಎಕ್ಸಿಫ್‌ಟೂಲ್ ಹಾಗೆ ಮಾಡುತ್ತದೆ. ಅದು ನಿಧಾನ, ಆದರೆ ನಡುವೆ ಕರೆಂಟು ಹೋದರೂ ಹಳೇ ಫೋಟೋ ಉಳಿಯುತ್ತದೆ. ನಮ್ಮ ಕಡೆಯ ಕರೆಂಟಿಗೆ ಆ ನಿಧಾನವೇ ಮೇಲು.

ಬಾಜೂ ಫೈಲಿನಿಂದ ಇನ್ನೊಂದು ಅನುಕೂಲ ಬ್ಯಾಕಪ್ಪಿನಲ್ಲಿ. ಟಿಫ್ ಒಳಗೆ ಒಂದಕ್ಷರ ತಿದ್ದಿದರೆ ಬ್ಯಾಕಪ್ ಮಾಡುವ ಸಾಮಾನ್ಯ ಸಾಫ್ಟ್‌ವೇರಿಗೆ ಇಡೀ ಫೈಲು ಹೊಸದಾಗಿ ಕಾಣುತ್ತದೆ, ಮತ್ತೆ 100 ಎಂಬಿ ಕಳಿಸುತ್ತದೆ. ನಾನು ‘ಹುಬ್ಳಿ’ ಅನ್ನುವ ಕೀವರ್ಡನ್ನು ‘ಹುಬ್ಬಳ್ಳಿ’ ಅಂತ ಒಮ್ಮೆ ತಿದ್ದಿದ್ದೆ. ಕಣ್ಣಿಗೆ ಒಂದೇ ತಿದ್ದುಪಡಿ. ಒಳಗೆ, ಆ ಕೀವರ್ಡಿದ್ದ ಅಷ್ಟೂ ಫೋಟೋಗಳನ್ನು ಮರುಬರೆಯುವ ಕೆಲಸ. ಮೊಬೈಲ್ ಡೇಟಾದಲ್ಲಿ ಅಷ್ಟನ್ನು ಕ್ಲೌಡಿಗೆ ಏರಿಸಲಾಗುತ್ತದೆಯೇ? ಬಾಜೂ ಫೈಲಾದರೆ ಒಂದೊಂದಕ್ಕೆ ಕೆಲವೇ ಕೆಬಿ, ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಫೋಟೋವನ್ನು ಬೇರೆಡೆಗೆ ಸಾಗಿಸುವಾಗ ಬಾಜೂ ಫೈಲನ್ನು ಮರೆಯಬಾರದು, ಅದೊಂದೇ ಎಚ್ಚರಿಕೆ. ಆದ್ದರಿಂದ ಕೆಲಸ ನಡೆಯುತ್ತಿರುವಾಗ ಬಾಜೂ ಫೈಲು, ಹೆಸರುಗಳೆಲ್ಲ ಖಾತ್ರಿಯಾದ ಮೇಲೆ ಒಮ್ಮೆ ಫೋಟೋದ ಒಳಗೇ ಬರೆದು ಮುಚ್ಚುವುದು ಅಂತ ಗೊತ್ತುಮಾಡಿಕೊಂಡಿದ್ದೇನೆ. ಕ್ಯಾಟಲಾಗು ಈಗ ಎಸ್‌ಎಸ್‌ಡಿಯಲ್ಲಿದೆ, ಫೋಟೋಗಳು ಹಾರ್ಡ್ ಡಿಸ್ಕಿನಲ್ಲಿ, ಕ್ಯಾಟಲಾಗಿನ ಪ್ರತಿ ಎರಡರಲ್ಲೂ ಅಲ್ಲದ ಮೂರನೆಯ ಕಡೆ. ಹುಡುಕಾಟದ ಚುರುಕು ಬರುವುದು ಕ್ಯಾಟಲಾಗಿನಿಂದ, ಎಸ್‌ಎಸ್‌ಡಿ ಬೇಕಾದದ್ದು ಅದಕ್ಕೆ.

ಎರಡನೆಯ ಸಲ ಬರೆಯತೊಡಗಿದಾಗ ಊರಿನ ಬೇರೆಯವರೂ ಕೈಹಚ್ಚಿದರು. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಅದೇ ಫೋಟೋಗಳ ಪ್ರತಿ ಇಟ್ಟುಕೊಂಡು, ಅವನ ಅವ್ವನನ್ನು ಕೇಳಿ ಹೆಸರು ತುಂಬಿದ. ಇಲ್ಲಿ ನಾನೂ ತುಂಬುತ್ತಿದ್ದೆ. ಎರಡನ್ನೂ ಕೂಡಿಸಿದಾಗ ಫೋಟೋಗಳ ಮೂಲೆಯಲ್ಲಿ ಎಚ್ಚರಿಕೆಯ ಗುರುತು ಎದ್ದಿತು: ಫೈಲಿನಲ್ಲೂ ಬದಲಾಗಿದೆ, ಕ್ಯಾಟಲಾಗಿನಲ್ಲೂ ಬದಲಾಗಿದೆ, ಯಾವುದನ್ನು ಇಟ್ಟುಕೊಳ್ಳಲಿ? ಒಂದನ್ನು ಇಟ್ಟರೆ ಇನ್ನೊಂದು ಅಳಿಸುತ್ತದೆ. ಎರಡನ್ನೂ ನೋಡಿ ಬೆಸೆಯುವ ಬುದ್ಧಿ ಸಾಫ್ಟ್‌ವೇರಿಗಿಲ್ಲ. ಕಾಕಾಗೆ ಹೇಳಿದರೆ, “ಉತಾರದಾಗ ಒಬ್ಬರ ಹೆಸರು, ಹೊಲ ಉಳೋರು ಇನ್ನೊಬ್ಬರು, ಹಂಗಾತು” ಅಂದರು. ಅಡೋಬಿ, ಆ್ಯಪಲ್, ಮೈಕ್ರೋಸಾಫ್ಟ್, ಕ್ಯಾನನ್, ನೋಕಿಯಾದಂಥ ಕಂಪನಿಗಳೇ ಒಟ್ಟು ಕೂತು, ಮೂರು ಪೆಟ್ಟಿಗೆಗಳಲ್ಲಿ ಬೇರೆಬೇರೆ ಇದ್ದರೆ ಯಾವುದನ್ನು ನಂಬಬೇಕೆಂದು ನಿಯಮಾವಳಿ ಮಾಡಬೇಕಾಯಿತು. ಅದರ ಎರಡನೆಯ ಆವೃತ್ತಿ 2010ರದು. ಫೋಟೋದಲ್ಲಿ ಯಾರ ಮುಖ ಎಲ್ಲಿದೆ ಅಂತ ಚೌಕ ಹಾಕಿ ಹೆಸರು ಬರೆಯುವ ಪದ್ಧತಿಯೂ ಅದರಲ್ಲೇ ಇದೆ, ನಮ್ಮಂಥ ಕೆಲಸಕ್ಕೆ ಬಹಳ ಬೇಕಾದದ್ದು. ನಾನು ಕೊನೆಗೆ ತೆಗೆದುಕೊಂಡ ನಿರ್ಧಾರ ಸರಳ: ಹೆಸರು ಬರೆಯುವ ಜಾಗ ಒಂದೇ, ನಮ್ಮ ಹಿತ್ತಲ. ಉಳಿದವರು ಫೋಟೋದ ನಂಬರು ಹಾಕಿ ಕಾಗದದ ಮೇಲೆ ಬರೆದು ಕಳಿಸುತ್ತಾರೆ.

ದಿನಾಂಕದ ಪಾಡು ಇನ್ನೊಂದು. ಸ್ಕ್ಯಾನರು ಪ್ರತಿ ಫೋಟೋಕ್ಕೂ ಸ್ಕ್ಯಾನ್ ಮಾಡಿದ ದಿನವನ್ನೇ ಬರೆಯುತ್ತದೆ. ಅದನ್ನು ಹಾಗೇ ಬಿಟ್ಟರೆ ಕಾಕಾನ ಮದುವೆಯೂ ಅವರ ಮೊಮ್ಮಗನ ಜವಳವೂ ಒಂದೇ ವಾರದಲ್ಲಿ ಆದಂತೆ ಕಾಣುತ್ತದೆ. ನಿಜವಾದ ದಿನ ಯಾವುದೆಂದು ಕೇಳಿದರೆ ಕಾಕಾ ಇಸವಿಯಲ್ಲಿ ಹೇಳುವುದಿಲ್ಲ. “ಬರಗಾಲ ಬಿದ್ದ ಮರುವರ್ಷ, ಕಾರಹುಣ್ಣಿವಿ ಕರೀ ದಿನ.” 1972ರ ಬರ ಅದು, ಹಾಗಾದರೆ 1973ರ ಮೇ ಕೊನೆ ಇಲ್ಲವೇ ಜೂನ್. “ಇಂದಿರಾಗಾಂಧಿ ಹೋದ ವರ್ಷ, ಸುಗ್ಗಿ ಮುಗದಿತ್ತು.” 1984ರ ಮೊದಲ ತಿಂಗಳುಗಳು. ಎಕ್ಸಿಫ್ ಪೆಟ್ಟಿಗೆ ವರ್ಷ, ತಿಂಗಳು, ದಿನ, ತಾಸು, ನಿಮಿಷ, ಸೆಕೆಂಡು ಎಲ್ಲ ಕೇಳುತ್ತದೆ. ಎಕ್ಸ್‌ಎಂಪಿ ಬರೀ ವರ್ಷ ಕೊಟ್ಟರೂ ಒಪ್ಪುತ್ತದೆ. ಗೊತ್ತಿಲ್ಲದ ದಿನವನ್ನು ಜನವರಿ 1 ಅಂತ ತುಂಬುವುದು ಸುಳ್ಳು ಬರೆದಂತೆ. ವರ್ಷ ಮಾತ್ರ ಬರೆದು, ಕಾಕಾ ಹೇಳಿದ ಮಾತನ್ನು ಹೇಳಿದ ಹಾಗೇ ಅಡಿಬರಹದಲ್ಲಿ ಇಟ್ಟಿದ್ದೇನೆ.

ಜಿಲ್ಲೆ ಬರೆಯುವಾಗಲೂ ಕೈ ತಡೆಯುತ್ತದೆ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. 1973ರ ಕಾರಹುಣ್ಣಿಮೆಯ ದಿನ ನಮ್ಮೂರು ಧಾರವಾಡ ಜಿಲ್ಲೆಯಲ್ಲಿತ್ತು, ರಾಜ್ಯದ ಹೆಸರು ಇನ್ನೂ ಮೈಸೂರು ಅಂತಲೇ ಇತ್ತು. ಕರ್ನಾಟಕ ಅಂತಾದದ್ದು ಅದೇ ವರ್ಷದ ನವೆಂಬರ್ 1ಕ್ಕೆ. 1956ಕ್ಕೆ ಮುಂಚಿನ ಫೋಟೋ ಸಿಕ್ಕರೆ ಅದು ಮುಂಬಯಿ ರಾಜ್ಯದ್ದು. ನನ್ನ ತೀರ್ಮಾನ ಹೀಗೆ: ಜಿಲ್ಲೆ, ರಾಜ್ಯದ ಖಾನೆಗಳಲ್ಲಿ ಇವತ್ತಿನ ಹೆಸರು, ಹುಡುಕುವವರಿಗೆ ಸಿಗಬೇಕು. ಅಡಿಬರಹದಲ್ಲಿ ಆವತ್ತಿನ ಹೆಸರು. ಹೆಸರು ಚಿತ್ರದ ಜೊತೆಗೇ ಇದ್ದರೆ ಎಷ್ಟು ಕಾಲ ಉಳಿಯುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ: 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಫೋಟೋ ಪುಸ್ತಕವೊಂದು ಬಂತು. ಪಿಗೊ, ನೀಲ್, ಬಿಗ್ಸ್ ಅನ್ನುವವರು ತೆಗೆದ ಚಿತ್ರ, ಮೆಡೋಸ್ ಟೇಲರ್ ಬರೆದ ಇತಿಹಾಸ. ಊರ ಹೆಸರು ಚಿತ್ರದ ಜೊತೆಗೇ ಅಚ್ಚಾಗಿರುವುದರಿಂದ ಇಷ್ಟು ವರ್ಷದ ಮೇಲೂ ಯಾವ ಗುಡಿ ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಈಗ ಊರಲ್ಲಿ ಫೋಟೋ ಓಡಾಡುವುದೆಲ್ಲ ವಾಟ್ಸ್ಆ್ಯಪಿನಲ್ಲಿ. ಫೋಟೋ ಅಂತ ಕಳಿಸಿದರೆ ಅದು ಚಿತ್ರವನ್ನೂ ಕುಗ್ಗಿಸುತ್ತದೆ, ಒಳಗಿನ ವಿವರವನ್ನೂ ಉದುರಿಸುತ್ತದೆ. ಅದನ್ನೇ ಡಾಕ್ಯುಮೆಂಟ್ ಅಂತ ಕಳಿಸಿದರೆ ಎಲ್ಲ ಇದ್ದಂತೆ ಬರುತ್ತದೆ. ಇದೊಂದನ್ನು ಊರ ಹುಡುಗರಿಗೆ ಹೇಳಿಕೊಟ್ಟ ಮೇಲೆ ನನ್ನ ಅರ್ಧ ಕೆಲಸ ಕಡಿಮೆಯಾಯಿತು.

ಆಲ್ಬಮ್ಮಿನ ಎರಡನೆಯ ಕರಡು ಮೊನ್ನೆ ಬಂತು. ಊರಿನ ಹೆಸರು ಪೂರ್ತಿ ಇದೆ. ಕಾಕಾ ಬೆರಳಿಟ್ಟು ಓದಿದರು, ‘ರಿ’ ತನಕ. ಆಮೇಲೆ ಆರನೆಯ ಪುಟ ತಿರುವಿದರು. ಕನ್ನಡ ಶಾಲೆಯ ಮುಂದೆ ಒಂಬತ್ತು ಹುಡುಗಿಯರು ಎರಡು ಸಾಲಿನಲ್ಲಿ ನಿಂತ ಫೋಟೋ ಅದು, ಎಲ್ಲರದೂ ಎರಡು ಜಡೆ, ರಿಬ್ಬನ್ನು. ಅತ್ತಿ ಒಂಬತ್ತೂ ಹೆಸರು ಹೇಳಿದ್ದರು. ಕಾಕಾನಿಗೆ ನೆನಪಿದ್ದದ್ದು, ಅಣ್ಣನ ಮಗನ ಅವ್ವ ಹೇಳಿದ್ದು, ಬೇರೆಯವರು ಬರೆದು ಕಳಿಸಿದ್ದು ಎಲ್ಲ ಸೇರಿ ಏಳು ಸಿಕ್ಕಿವೆ. ಒಬ್ಬಾಕೆ ಅತ್ತಿಯೇ, ಮುಂದಿನ ಸಾಲಿನಲ್ಲಿ ಬಲತುದಿಗೆ, ಕೈಯಲ್ಲಿ ಸ್ಲೇಟು.

ಹಿರೇಬೆಂಡಿಗೇರಿಯಿಂದ ಮದುವೆಯಾಗಿ ಬೇರೆ ಊರಿಗೆ ಹೋದವರು, ಅವರ ಮಕ್ಕಳು ಇದನ್ನು ಓದುತ್ತಿದ್ದರೆ ಒಂದು ಮಾತು. 1960ರ ದಶಕದ ಕೊನೆಯಲ್ಲಿ ನಮ್ಮೂರ ಕನ್ನಡ ಶಾಲೆಯಲ್ಲಿ ಕಲಿತ ಹೆಣ್ಣುಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಈ ಫೋಟೋವನ್ನು ಅವರಿಗೆ ತೋರಿಸಬೇಕಾಗಿದೆ. ಹಿಂದಿನ ಸಾಲಿನಲ್ಲಿ ಎಡದಿಂದ ಎರಡನೆಯಾಕೆ, ಮತ್ತು ಆಕೆಯ ಹೆಗಲ ಮೇಲೆ ಕೈಯಿಟ್ಟ ಮೂರನೆಯಾಕೆ ಯಾರು ಅನ್ನುವುದು ಇನ್ನೂ ಗೊತ್ತಾಗಿಲ್ಲ. ಊರಿಗೆ ಬಂದಾಗ ನಮ್ಮ ಹಿತ್ತಲ ಕಡೆ ಬನ್ನಿ. ಸಂಜೆ ಹೊತ್ತು ನಾವಿಬ್ಬರೂ ಬೇಲಿಯ ಹತ್ತಿರವೇ ಇರುತ್ತೇವೆ.